ಪ್ಲಾಸ್ಟಿಕ್ ಹಾಕಿಸಿದ ಹನ್ನೆರಡು ಶಬ್ದಗಳು

ಬೇಮಳಖೇಡದ ದೇವಿಂದ್ರಪ್ಪ ಬೆಳಿಗ್ಗೆ ಮನೆ ಬಿಡುವ ಮುಂಚೆ ಒಂದು ಕೆಲಸವನ್ನು ಎಂದೂ ತಪ್ಪಿಸಿದವನಲ್ಲ. ಬುದ್ಧನ ಪಟದ ಮುಂದೆ ಊದಿನಕಡ್ಡಿ ಹಚ್ಚಿ ತ್ರಿಶರಣ ಹೇಳಿದ ಮೇಲೆ, ಪಕ್ಕದ ಗೂಟಕ್ಕೆ ತೂಗುಹಾಕಿದ ನೀಲಿ ನೈಲಾನ್ ಚೀಲವನ್ನು ಇಳಿಸಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಚೀಲದ ಬಾಯಿ ಬಿಚ್ಚುತ್ತಿರಲಿಲ್ಲ. ಹೊರಗಿನಿಂದಲೇ ಬೆರಳಾಡಿಸಿ, ಒಳಗಿನ ಒಂದೊಂದೇ ಗಟ್ಟಿ ಅಂಚನ್ನು ಮುಟ್ಟಿ ನೋಡುತ್ತಿದ್ದ. ದೊಡ್ಡದು ಜಾತಿ ಪ್ರಮಾಣಪತ್ರ, ಅದರ ಹಿಂದಿನದು ರೇಷನ್ ಕಾರ್ಡು, ಮೂಲೆ ಸ್ವಲ್ಪ ಬಾಗಿದ್ದು ಮಗಳ ಅಂಗವಿಕಲರ ಪ್ರಮಾಣಪತ್ರ, ಸಣ್ಣವು ಆಧಾರ್. ಎಲ್ಲವೂ ಇವೆ ಎಂದು ಬೆರಳಿಗೆ ಖಾತ್ರಿಯಾದ ಮೇಲೆ ಚೀಲ ಮತ್ತೆ ಗೂಟಕ್ಕೆ ಹೋಗುತ್ತಿತ್ತು. ಆಮೇಲೆಯೇ ಅವನು ವಾಲ್ ತಿರುವುವ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಓಣಿಗಳಿಗೆ ನೀರು ಬಿಡಲು ಹೊರಡುತ್ತಿದ್ದುದು. ಪಂಚಾಯಿತಿಯ ನೀರು ಬಿಡುವ ಕೆಲಸ ಅವನದು, ಇಪ್ಪತ್ತೆರಡು ವರ್ಷದಿಂದ.

ಈ ರೂಢಿ ಹುಟ್ಟಿನಿಂದ ಬಂದದ್ದಲ್ಲ. ಮಗಳು ಧನಶ್ರೀ ಹನ್ನೆರಡು ವರ್ಷದವಳಿದ್ದಾಗ ಒಂದು ಮಳೆಗಾಲ ಅವರ ಮಣ್ಣಿನ ಮಾಳಿಗೆ ಒಂದು ಕಡೆ ಕುಸಿದು, ಕಾಗದಗಳಿದ್ದ ಟ್ರಂಕು ಎರಡು ದಿನ ನೀರಿನಲ್ಲಿ ನಿಂತಿತ್ತು. ತೆಗೆದು ನೋಡಿದರೆ ಒಳಗೆ ಬರೀ ಅಂಬಲಿಯಂಥ ಮುದ್ದೆ. ಧನಶ್ರೀಗೆ ಎರಡು ವರ್ಷವಿದ್ದಾಗ ಜ್ವರ ಬಂದು ಕಾಲು ಎರಡೂ ಸೊರಗಿದ್ದವು. ಅವಳಿಗೆ ಬರುತ್ತಿದ್ದ ಮಾಸಾಶನ ಆ ಮುದ್ದೆಯ ಜೊತೆಗೇ ನಿಂತಿತು. ಮತ್ತೆ ಶುರುವಾಗಲು ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ ಹಿಡಿಯಿತು. ಮಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಅವನು ಕಚೇರಿಯಿಂದ ಕಚೇರಿಗೆ ತಿರುಗಿದ. ಕಾಲು ಮೇಜಿನ ಎದುರಿಗೇ ಇದ್ದರೂ ಕಾಲು ಹೀಗಿದೆ ಎನ್ನುವ ಕಾಗದ ಬೇಕಿತ್ತು. ಆ ಮೂರು ವರ್ಷ ಅವನ ಅರ್ಜಿಗಳನ್ನೆಲ್ಲ ಬರೆದುಕೊಟ್ಟವನು ಹುಮನಾಬಾದಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಹುಸೇನ. ಬರೆದದ್ದಕ್ಕೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಹೊಸ ಪ್ರಮಾಣಪತ್ರ ಕೈಗೆ ಬಂದ ದಿನ ಅದನ್ನು ಅವನೇ ಬಿಸಿ ಯಂತ್ರದೊಳಗೆ ತೂರಿಸಿ, ಆ ಕಡೆಯಿಂದ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ತೆಗೆದು, ಇನ್ನು ಇದನ್ನು ಬಾವಿಗೆ ಒಗೆದರೂ ಏನೂ ಆಗುವುದಿಲ್ಲ ಎಂದಿದ್ದ.

ಅಂದಿನಿಂದ ದೇವಿಂದ್ರಪ್ಪನಿಗೆ ಭದ್ರತೆ ಅಂದರೆ ಲ್ಯಾಮಿನೇಶನ್. ಶ್ರೀಮಂತರಿಗೆ ಬ್ಯಾಂಕಿನ ಲಾಕರ್ ಇರುವಂತೆ ಅವನಿಗೆ ಹುಸೇನನ ಯಂತ್ರ. ಅಂಕಪಟ್ಟಿ ಹಾಕಿಸಿದ, ಮದುವೆಯ ಫೋಟೊ ಹಾಕಿಸಿದ, ಡಾಕ್ಟರ ಚೀಟಿ ಹಾಕಿಸಿದ. ಒಮ್ಮೆ ಕಚೇರಿಯಲ್ಲಿ ಒಬ್ಬ ಗುಮಾಸ್ತ, ಹೀಗೆ ಪ್ಲಾಸ್ಟಿಕ್ ಹಾಕಿಸಿದರೆ ಸಿಕ್ಕಾ ಎಲ್ಲಿ ಹೊಡೆಯಲಿ ಎಂದು ಬೈದು ಕಳಿಸಿದ. ಅದಕ್ಕೂ ಅವನು ಜಗ್ಗಲಿಲ್ಲ.

"ದೇವಿಂದ್ರಪ್ಪಾ, ಇನ್ನ ಉಳದಾಕಿ ನಿನ್ನ ಹೆಣ್ತಿ ಒಬ್ಬಾಕಿ," ಎಂದು ಹುಸೇನ ಚೇಷ್ಟೆ ಮಾಡುತ್ತಿದ್ದ. "ಆಕಿನೂ ಕರಕೊಂಡ ಬಾ. ದೊಡ್ಡ ಸೈಜಿಂದೂ ಪ್ಲಾಸ್ಟಿಕ್ ಅದ."

ಇದನ್ನು ಕೇಳಿ ಕಾಂತಾಬಾಯಿ, ಮೊದಲು ಅವನ ನಾಲಿಗೆಗೆ ಹಾಕಿಕೊಳ್ಳಲಿ ಎಂದು ಗಂಡನ ಕೈಯಲ್ಲಿ ಹೇಳಿಕಳಿಸಿದ್ದಳು. ಹಾಗೆ ಎರಡು ಮನೆಗಳ ನಡುವೆ ಸಲಿಗೆ ಇತ್ತು.

ಧನಶ್ರೀ ದೊಡ್ಡವಳಾದಳು. ಪಿಯುಸಿಯ ತನಕ ಓದಿದಳು. ಮುಂದೆ ಓದಲು ಕಾಲೇಜಿನ ಮೆಟ್ಟಿಲುಗಳು ಬಿಡಲಿಲ್ಲ. ಅವಳ ಕೈ ಮಾತ್ರ ಬಲು ಚುರುಕು. ಮೊಬೈಲಿನಲ್ಲಿ ಬೆರಳಿನಿಂದಲೇ ಚಿತ್ರ ಬರೆಯುತ್ತಿದ್ದಳು. ಆ ಚಿತ್ರಗಳನ್ನು ಎಲ್ಲಿಯೋ ಹಾಕಿದಾಗ, ಪರದೇಶದಲ್ಲಿ ಮಕ್ಕಳ ಚಿತ್ರಪುಸ್ತಕ ಮಾಡುವ ಒಬ್ಬ ಹೆಂಗಸು ನೋಡಿ ಕೆಲಸ ಕೊಟ್ಟಳು. ಗೆರೆ ಅವಳದು, ಬಣ್ಣ ತುಂಬುವುದು ಧನಶ್ರೀಯದು. ಆ ಹೊತ್ತಿಗೆ ಧನಶ್ರೀಯ ಬ್ಯಾಂಕ್ ಖಾತೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರಾಗಿ ಖಾತೆ ಮುಚ್ಚಿಹೋಗಿತ್ತು. ಪರದೇಶದ ಹೆಂಗಸು, ಹಾಗಾದರೆ ಬ್ಯಾಂಕು ಬೇಕಿಲ್ಲದ ಬಿಟ್‌ಕಾಯಿನ್ ಹಣವನ್ನೇ ಕಳಿಸುತ್ತೇನೆ ಎಂದಳು. ಧನಶ್ರೀ ಹಿಂದಿಯ ವಿಡಿಯೊಗಳನ್ನು ನೋಡಿ ನೋಡಿ, ಮೊಬೈಲಿನಲ್ಲಿ ಅದನ್ನು ಇಡಲು ಒಂದು ವ್ಯಾಲೆಟ್ ಮಾಡಿಕೊಂಡಳು. ನಾಲ್ಕು ವರ್ಷ ಬಣ್ಣ ತುಂಬಿದಳು. ಒಂದು ಸಲವೂ ಅದರಿಂದ ತೆಗೆಯಲಿಲ್ಲ. ಆಮೇಲೆ ಕೆಲಸ ನಿಂತಿತು. ಬಣ್ಣ ತುಂಬಲು ಈಗ ಯಂತ್ರವೇ ಬಂದಿದೆ, ಕ್ಷಮಿಸು ಎಂದು ಆ ಹೆಂಗಸು ಬರೆದಿದ್ದಳು. ಧನಶ್ರೀ ಅದನ್ನು ತಂದೆತಾಯಿಗೆ ಓದಿ ಹೇಳಿ, ಇರಲಿ, ಕೂಡಿಟ್ಟದ್ದಿದೆಯಲ್ಲ ಎಂದಳು.

ಕೂಡಿಟ್ಟದ್ದು ಯಾತಕ್ಕೆ ಎನ್ನುವುದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು. ಬಸವಕಲ್ಯಾಣದಲ್ಲಿ ಗಜಾಲಾ ಎನ್ನುವವಳು ಹೊಲಿಗೆಯ ಅಂಗಡಿ ಇಟ್ಟಿದ್ದಳು. ಧನಶ್ರೀಯ ಜೊತೆ ಅಂಗವಿಕಲರ ಶಿಬಿರವೊಂದರಲ್ಲಿ ಗುರುತಾದವಳು, ಅವಳದೂ ಒಂದು ಕಾಲು ಕುಂಟು. ಆ ಅಂಗಡಿಯ ಪಕ್ಕ ನೆಲಮಟ್ಟದಲ್ಲಿ ಒಂದು ಕೋಣೆ. ಬಾಗಿಲಿಗೆ ಹೊಸ್ತಿಲೂ ಇಲ್ಲ. ಅಲ್ಲಿ ಕೂತು ಮದುವೆ ಪತ್ರಿಕೆ, ಅಂಗಡಿಯ ಬೋರ್ಡು, ಶಾಲೆಯ ಚಿತ್ರ ಎಲ್ಲ ಮಾಡಿಕೊಡಬೇಕು, ಓಡಾಡಲು ಮೂರು ಗಾಲಿಯ ಬ್ಯಾಟರಿ ಗಾಡಿ ಕೊಳ್ಳಬೇಕು, ಯಾರ ಹೆಗಲೂ ಕೇಳಬಾರದು. ಇಷ್ಟೇ ಅವಳ ಆಸೆ. ದೀಪಾವಳಿಯ ತನಕ ಕೋಣೆ ಯಾರಿಗೂ ಕೊಡುವುದಿಲ್ಲ ಎಂದು ಗಜಾಲಾ ಮಾತು ಕೊಟ್ಟಿದ್ದಳು. ಮಗಳು ಆ ಕೋಣೆಯ ಮಾತೆತ್ತಿದಾಗ ದೇವಿಂದ್ರಪ್ಪನಿಗೆ ತನ್ನ ಹೆಗಲ ಮೇಲಿಂದ ಯಾರೋ ಇಳಿದು ನಡೆದಂತೆ ಅನ್ನಿಸುತ್ತಿತ್ತು. ಅದರಲ್ಲಿ ಸಂತೋಷವೂ ಇತ್ತು, ಸ್ವಲ್ಪ ಖಾಲಿಯೂ ಇತ್ತು.

ವ್ಯಾಲೆಟ್ ಮಾಡಿದ ದಿನವೇ ಧನಶ್ರೀ ಒಂದು ಕಾಗದವನ್ನು ತಂದೆತಾಯಿಗೆ ತೋರಿಸಿದ್ದಳು. ಶಾಲೆಯ ನೋಟ್‌ಬುಕ್ಕಿನ ಹಾಳೆ. ಅದರಲ್ಲಿ ಪೆನ್ಸಿಲಿನಿಂದ ಬರೆದ ಹನ್ನೆರಡು ಇಂಗ್ಲಿಷ್ ಶಬ್ದ. ನೀರು ಬಿದ್ದರೂ ಪೆನ್ಸಿಲ್ ಹರಡುವುದಿಲ್ಲವೆಂದು ಪೆನ್ಸಿಲಿನಲ್ಲಿ ಬರೆದಿದ್ದಳು. ಮೊಬೈಲ್ ಒಡೆದರೂ ಕಳೆದರೂ ಈ ಶಬ್ದಗಳನ್ನು ಸಾಲಾಗಿ ಬೇರೆ ಮೊಬೈಲಿನಲ್ಲಿ ಒತ್ತಿದರೆ ಹಣ ವಾಪಸು ಕಾಣುತ್ತದೆ. ಯಾರಿಗೂ ತೋರಿಸಬಾರದು, ಫೋಟೊ ತೆಗೆಯಬಾರದು.

"ಅಪ್ಪಾ, ಇದು ಪಾಸ್‌ಬುಕ್ ಅಲ್ಲ," ಎಂದು ಬಿಡಿಸಿ ಹೇಳಿದ್ದಳು. "ಪಾಸ್‌ಬುಕ್ ಕಳೀತಂದ್ರ ಬ್ಯಾಂಕಿನವರು ಹೊಸಾದ ಕೊಡ್ತಾರ. ಇದಕ್ಕ ಬ್ಯಾಂಕೂ ಇಲ್ಲ, ಮ್ಯಾನೇಜರೂ ಇಲ್ಲ. ಈ ಹನ್ನೆರಡು ಶಬ್ದ ಯಾರ ಕೈಗಿ ಹೋಗ್ತಾವೋ ರೊಕ್ಕ ಅವರದೇ."

"ಕಳ್ಳ ಇಂಥಾಂವ ಅಂತ ಗೊತ್ತಾದ್ರೂ?"

"ಗೊತ್ತಾದ್ರೂ ಅಷ್ಟೇ. ವಾಪಸ್ ತರಾಕ ಬರಂಗಿಲ್ಲ."

ಕಾಗದವನ್ನು ಮಡಚಿ ಬುದ್ಧನ ಪಟದ ಹಿಂದಿನ ರಟ್ಟಿನೊಳಗೆ ಸೇರಿಸಿದರು. ಆ ಮನೆಯಲ್ಲಿ ಅದಕ್ಕಿಂತ ಮರ್ಯಾದೆಯ ಜಾಗ ಬೇರೆ ಇರಲಿಲ್ಲ. ಕಾಂತಾಬಾಯಿಯಂತೂ ನೆಂಟರು ಬಂದಾಗ ಆ ಗೋಡೆಯ ಕಡೆ ಕಣ್ಣು ಸಹ ಹಾಯಿಸುತ್ತಿರಲಿಲ್ಲ. ತಾನು ನೋಡಿದರೆ ಬೇರೆಯವರಿಗೂ ಕಂಡೀತು ಎನ್ನುವ ಹಾಗೆ.

ಹೋದ ಮಳೆಗಾಲ, ಶ್ರಾವಣ ಮುಗಿಯುವ ಹೊತ್ತಿಗೆ, ಧನಶ್ರೀಯ ಕಾಲಿಗೆ ಹೊಸ ಕಬ್ಬಿಣದ ಪಟ್ಟಿ ಹಾಕಿಸಲು ಕಾಂತಾಬಾಯಿ ಅವಳನ್ನು ಕಲಬುರಗಿಗೆ ಕರೆದುಕೊಂಡು ಹೋದಳು. ಮೂರು ದಿನದ ಶಿಬಿರ. ದೇವಿಂದ್ರಪ್ಪ ಒಬ್ಬನೇ ಮನೆಯಲ್ಲಿ. ಎರಡನೆಯ ದಿನ ಊದಿನಕಡ್ಡಿ ಹಚ್ಚುವಾಗ ಪಟದ ಕೆಳಗಿನ ಗೋಡೆಯ ಮೇಲೆ ಹಸಿಮಣ್ಣಿನ ಒಂದು ಗೆರೆ ಕಂಡಿತು. ಗೆದ್ದಲು. ಗೆರೆ ನೆಟ್ಟಗೆ ಪಟದ ಹಿಂದಕ್ಕೆ ಹೋಗಿತ್ತು. ಅವನು ಪಟ ಇಳಿಸಿದ. ರಟ್ಟು ಅರ್ಧ ಪುಡಿಯಾಗಿತ್ತು. ಕಾಗದದ ಒಂದು ಮೂಲೆ ಹೋಗಿತ್ತು; ಶಬ್ದಗಳು ಮಾತ್ರ ಉಳಿದಿದ್ದವು, ಕೊನೆಯ ಶಬ್ದದ ಬಾಲಕ್ಕೆ ತಾಗಿ ನಿಂತಿತ್ತು ಗೆದ್ದಲಿನ ಬಾಯಿ.

ಅವನ ಕಣ್ಣಿಗೆ ಬಂದದ್ದು ಆ ಹಳೆಯ ಟ್ರಂಕು. ಆ ಮುದ್ದೆ. ಮೂರು ವರ್ಷ.

ಮಗಳಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಕಾಲಿನ ಅಳತೆ ಕೊಡುವ ಹೊತ್ತಿನಲ್ಲಿ ಅವಳನ್ನು ಯಾಕೆ ಹೆದರಿಸಬೇಕು, ತಾನೇ ಸರಿ ಮಾಡಿ ಇಟ್ಟರೆ ಬಂದವಳು ನೋಡಿ ನಗುತ್ತಾಳೆ ಎಂದುಕೊಂಡ. ಯಾರಿಗೂ ತೋರಿಸಬೇಡ ಎಂದು ಅವಳು ಹೇಳಿದ್ದು ಅವನಿಗೆ ಮರೆತಿರಲಿಲ್ಲ. ಆದರೆ ಹುಸೇನ 'ಯಾರಿಗೂ' ಎನ್ನುವ ಲೆಕ್ಕದಲ್ಲಿ ಬರುತ್ತಾನೆ ಎಂದು ಅವನಿಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಝೆರಾಕ್ಸ್ ಅಂಗಡಿಯವನ ಮುಂದೆ ಮುಚ್ಚಿಡುವುದು ಅಂದರೆ ಡಾಕ್ಟರ ಮುಂದೆ ಬಾಯಿ ತೆರೆಯುವುದಿಲ್ಲ ಅಂದಂತೆ. ಜಾತಿ, ಹುಟ್ಟಿದ ದಿನ, ಹೊಲದ ಪಹಣಿ, ಬ್ಯಾಂಕಿನ ನಂಬರು, ಹೆಂಡತಿಯ ಹೆರಿಗೆಯ ಚೀಟಿ, ಎಲ್ಲವೂ ಆ ಗಾಜಿನ ಮೇಲೆ ಮಕಾಡೆ ಮಲಗಿ ಎದ್ದಿರುತ್ತವೆ. ಆತ ನೋಡುತ್ತಾನೆ, ಆದರೆ ನೋಡಿದ ಹಾಗಲ್ಲ.

ದೇವಿಂದ್ರಪ್ಪ ನೀರು ಬಿಟ್ಟು ಮುಗಿಸಿ, ಕಾಗದವನ್ನು ಅಂಗಿಯ ಒಳಜೇಬಿಗಿಟ್ಟುಕೊಂಡು ಹತ್ತು ಗಂಟೆಯ ಬಸ್ಸಿಗೆ ಹುಮನಾಬಾದಿಗೆ ಹೋದ. ಅಂಗಡಿಯಲ್ಲಿ ಏಳೆಂಟು ಜನ. ಯಾವುದೋ ಅರ್ಜಿಯ ಕೊನೆಯ ದಿನ. ಅವನು ಕಾಗದವನ್ನು ಹುಸೇನನ ಕೈಗೇ ಕೊಟ್ಟ. ಏನಿದು ಎಂದು ಹುಸೇನ ಕೇಳಲಿಲ್ಲ. ಬೆಳಕಿಗೆ ಹಿಡಿದು ನೋಡಿ, ಪೆನ್ಸಿಲ್ ಮಾಸಿದೆ, ಹೀಗೇ ಪ್ಲಾಸ್ಟಿಕ್ ಹಾಕಿದರೆ ಇನ್ನೂ ಮಸುಕಾಗಿ ಕಾಣುತ್ತದೆ, ಕಂಪ್ಯೂಟರಿಗೆ ತೆಗೆದುಕೊಂಡು ಅಕ್ಷರ ಕಪ್ಪು ಮಾಡಿ ದಪ್ಪ ಹಾಳೆಯ ಮೇಲೆ ತೆಗೆಯುತ್ತೇನೆ ಎಂದ. ಕೆಲಸದಲ್ಲಿ ಅವನು ಅಚ್ಚುಕಟ್ಟು. ಮೊದಲನೆಯ ಪ್ರತಿ ಸ್ವಲ್ಪ ಓರೆಯಾಯಿತು, ಅದನ್ನು ಮೇಜಿನ ಕೆಳಗಿನ ರದ್ದಿಯ ಡಬ್ಬಿಗೆ ಹಾಕಿದ. ಎರಡನೆಯದು ಚೆನ್ನಾಗಿ ಬಂತು. ಗೆದ್ದಲು ತಿಂದ ಮೂಲ ಕಾಗದವನ್ನೂ, ಹೊಸ ಪ್ರತಿಯನ್ನೂ ಬೇರೆ ಬೇರೆ ಪ್ಲಾಸ್ಟಿಕ್ಕಿನಲ್ಲಿ ಹಾಕಿ, ಅಂಚು ಕತ್ತರಿಸಿ, ಚೂಪು ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ ಕೊಟ್ಟ. ಇಬ್ಬರೂ ಚಹಾ ಕುಡಿದರು. ದೇವಿಂದ್ರಪ್ಪ ಹಗುರಾಗಿ ಊರಿಗೆ ಮರಳಿದ.

ಮಗಳು ಬಂದ ಸಂಜೆ ಅವಳು ಹೊಸ ಪಟ್ಟಿಯಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಅವನು ಪ್ಲಾಸ್ಟಿಕ್ ಹಾಕಿಸಿದ ಹನ್ನೆರಡು ಶಬ್ದಗಳನ್ನು ತೆಗೆದು ತೋರಿಸಿದ.

ಧನಶ್ರೀ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಎಲ್ಲಿ ಮಾಡಿಸಿದೆ ಎಂದು ಕೇಳಿದಳು. ಹೇಳಿದ. ಕಂಪ್ಯೂಟರಿನಲ್ಲಿ ಹಾಕಿದ್ದನೇ ಎಂದು ಕೇಳಿದಳು. ಹಾಕಿದ್ದ. ಅವಳು ಮೊಬೈಲ್ ತೆಗೆದು ನೋಡಿದಳು. ಹಣ ಇದ್ದಲ್ಲೇ ಇತ್ತು. ಉಸಿರು ಬಿಟ್ಟು, ಸಮಾಧಾನವಾಗಿಯೇ ಹೇಳಿದಳು: ಈ ಶಬ್ದಗಳು ಇನ್ನು ಕೆಲಸಕ್ಕೆ ಬಾರವು, ಹೊಸ ವ್ಯಾಲೆಟ್ ಮಾಡಿ, ಹೊಸ ಶಬ್ದ ಬರೆದುಕೊಂಡು, ಎಲ್ಲವನ್ನೂ ಅದಕ್ಕೆ ಸಾಗಿಸಿಬಿಡುತ್ತೇನೆ. ಒಂದು ತಾಸಿನ ಕೆಲಸ.

ಇಲ್ಲಿಯೇ ದೇವಿಂದ್ರಪ್ಪ ಎರಡನೆಯ ತಪ್ಪು ಮಾಡಿದ. ಮೊದಲನೆಯದಕ್ಕಿಂತ ದೊಡ್ಡದು.

"ಹುಸೇನಭಾಯಿ ಕಳ್ಳ ಅಂತ ಹೇಳ್ತಿ ಏನು?" ಎಂದ. "ನಿನ್ನ ಕಾಲಿಂದು ಕಾಗದ ಮಾಡಿಸಿ ಕೊಟ್ಟಾಂವ ಅವ."

"ಕಳ್ಳ ಅಂತ ಅನ್ನಾಕತ್ತಿಲ್ಲಪ್ಪಾ. ಕೀಲಿ ಹೊರಗ ಬಿದ್ದದ, ಬೀಗ ಬದಲಿ ಮಾಡಬೇಕು, ಅಷ್ಟೇ."

"ನೀ ಅದನ್ನ ಬದಲಿ ಮಾಡಿದಿ ಅಂದ್ರ ನಾ ಆ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ. ಯಾವ ಮುಖಾ ಹೊತ್ತು ಹತ್ತಲಿ?"

ಕಾಂತಾಬಾಯಿ ನಡುವೆ ಬಾಯಿ ಹಾಕಿ, ಮಗಳು ತಿಳಿದವಳು, ಅವಳು ಹೇಳಿದ ಹಾಗೆ ಆಗಲಿ ಎಂದಳು. ಅವನು ಕೇಳಲಿಲ್ಲ. ಅವನ ಸಿಟ್ಟಿನ ಒಳಗೆ ಬೇರೊಂದು ಇತ್ತು: ತಾನು ಪ್ರೀತಿಯಿಂದ ಮಾಡಿದ್ದು ತಪ್ಪೆಂದು ಒಪ್ಪಲು ಅವನಿಗೆ ಆಗಲಿಲ್ಲ. ಧನಶ್ರೀ ತಂದೆಯ ಮುಖ ನೋಡಿ, ಆಯ್ತಪ್ಪಾ ಎಂದು ಮೊಬೈಲ್ ಕೆಳಗಿಟ್ಟಳು. ಆ ಮೇಲಿನ ದಿನಗಳಲ್ಲಿ ಎರಡು ಸಲ ಅವಳು ತಾನೇ ಸಾಗಿಸಿಬಿಡಬೇಕೆಂದು ಶುರುಮಾಡಿದ್ದಳಂತೆ. ಎರಡೂ ಸಲ, ಹೆಗಲ ಮೇಲೆ ಹೊತ್ತು ತಿರುಗಿದ ಮನುಷ್ಯನ ಬೆನ್ನ ಹಿಂದೆ ಏನೋ ಮಾಡುತ್ತಿದ್ದೇನೆ ಎನ್ನಿಸಿ ಬಿಟ್ಟಳಂತೆ. ಇದನ್ನು ಅವಳು ತಾಯಿಗೆ ಹೇಳಿದ್ದು ಬಹಳ ದಿನದ ಮೇಲೆ.

ಆ ಮಾತಾಗಿ ಹನ್ನೊಂದನೆಯ ದಿನ ಬೆಳಿಗ್ಗೆ ದೇವಿಂದ್ರಪ್ಪ ನೀರು ಬಿಟ್ಟು ಮನೆಗೆ ಬಂದಾಗ ಧನಶ್ರೀ ಗೋಡೆಗೆ ಒರಗಿ ಕೂತಿದ್ದಳು. ಮೊಬೈಲನ್ನು ಅವನ ಕಡೆ ತಿರುಗಿಸಿದಳು. ಅವನಿಗೆ ಓದಲು ಬರದಿದ್ದರೂ ಸೊನ್ನೆ ಗುರುತಿಸಲು ಬರುತ್ತಿತ್ತು.

ಅವಳು ಅಳಲಿಲ್ಲ. ಇನ್ನೊಂದು ಪುಟ ತೆಗೆದು ತೋರಿಸಿದಳು. ಹಣ ಎಲ್ಲಿಗೆ ಹೋಗಿದೆ ಎಂಬುದು ಅಲ್ಲಿ ಕಾಣುತ್ತಿತ್ತು. ಉದ್ದನೆಯ ಅಕ್ಷರಗಳ ಒಂದು ವಿಳಾಸ. ಜಗತ್ತಿನಲ್ಲಿ ಯಾರು ಬೇಕಾದರೂ ಅದನ್ನು ನೋಡಬಹುದು. ಅಲ್ಲಿಯೇ ಇದೆ, ಖರ್ಚು ಸಹ ಆಗಿಲ್ಲ. ಆದರೆ ಆ ವಿಳಾಸ ಯಾರದೆಂದು ಎಲ್ಲಿಯೂ ಬರೆದಿಲ್ಲ. ಕಾಣುತ್ತಿದೆಯಲ್ಲ, ಹಾಗಾದರೆ ತೆಗೆದುಕೊಳ್ಳೋಣ ಎಂದು ಕಾಂತಾಬಾಯಿ ಮೂರು ಸಲ ಹೇಳಿದಳು. ಮೂರು ಸಲವೂ ಧನಶ್ರೀ ಅದೇ ತಾಳ್ಮೆಯಿಂದ, ಆಗುವುದಿಲ್ಲವ್ವಾ ಎಂದಳು.

ಪೊಲೀಸರಿಗೆ ದೂರು ಕೊಟ್ಟರು. ದೂರು ಬರೆದುಕೊಂಡ ಅಧಿಕಾರಿ ಒಳ್ಳೆಯವನು. ಇಂಥದ್ದು ವಾಪಸು ಬಂದದ್ದನ್ನು ತಾನು ಕಂಡಿಲ್ಲ, ಆದರೂ ಪ್ರಯತ್ನ ಮಾಡುತ್ತೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಆಮೇಲೆ, ಆ ಶಬ್ದಗಳನ್ನು ಮನೆಯವರನ್ನು ಬಿಟ್ಟು ಯಾರು ಯಾರು ನೋಡಿದ್ದಾರೆ ಎಂದು ಕೇಳಿದ. ಧನಶ್ರೀ ತಂದೆಯ ಕಡೆ ನೋಡಲಿಲ್ಲ. ಮೇಜಿನ ಕಡೆ ನೋಡುತ್ತಿದ್ದಳು. ಒಂದು ಹೆಸರು ಹೇಳದೆ ಇದ್ದರೆ ಆಗುತ್ತಿತ್ತೇನೋ. ಆದರೆ ಕೇಳಿದಾಗ ಸುಳ್ಳು ಹೇಳುವ ಅಭ್ಯಾಸ ದೇವಿಂದ್ರಪ್ಪನಿಗೆ ಇರಲಿಲ್ಲ. ಹೇಳಿದ.

ಹುಸೇನನ ಕಂಪ್ಯೂಟರು ಮೂರು ವಾರ ಪೊಲೀಸರ ಬಳಿ ಇತ್ತು. ಅದರೊಳಗೆ ಊರಿಗೂರೇ ಸಿಕ್ಕಿತು. ಆರು ವರ್ಷದ ಆಧಾರ್, ಅಂಕಪಟ್ಟಿ, ಫೋಟೊ, ಯಾವುದನ್ನೂ ಅವನು ಅಳಿಸಿರಲಿಲ್ಲ. ಗಿರಾಕಿ ಮತ್ತೆ ಬಂದು ಕೇಳಿದರೆ ಇರಲಿ ಎಂದು ಇಟ್ಟುಕೊಂಡಿದ್ದ. ಹನ್ನೆರಡು ಶಬ್ದಗಳೂ ಅಲ್ಲಿದ್ದವು. ಕಂಪ್ಯೂಟರು ರಿಪೇರಿ ಮಾಡುವವನೊಬ್ಬ ದೂರದಿಂದಲೇ ಸರಿಮಾಡುತ್ತೇನೆಂದು ಏನನ್ನೋ ಹಾಕಿಹೋಗಿದ್ದ; ಅದರ ಮೂಲಕ ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಅಂಗಡಿಯಲ್ಲಿ ತುಂಬಿದ ಜನರಲ್ಲಿ ಯಾರಾದರೂ ಅದನ್ನು ತಮ್ಮ ಮೊಬೈಲಿಗೆ ಕಳಿಸಿಕೊಂಡಿರಬಹುದಿತ್ತು. ರದ್ದಿಯ ಡಬ್ಬಿಗೆ ಹೋದ ಓರೆಯ ಪ್ರತಿ ವಾರಕ್ಕೊಮ್ಮೆ ಭಜಿ ಗಾಡಿಗೆ ಹೋಗುವ ರದ್ದಿಯ ಜೊತೆ ಹೋಗಿತ್ತು. ಯಾರೋ ಮಿರ್ಚಿ ತಿಂದು ಕೈ ಒರೆಸಿಕೊಂಡು ಓದಿದ್ದರೂ ಓದಿರಬಹುದು. ಹುಸೇನನೇ ಆಗಿದ್ದರೂ ಆಗಿರಬಹುದು. ತನಿಖೆ ಇಷ್ಟು ಹೇಳಿತು, ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಸುದ್ದಿ ಹರಡಿತು. ನಾಲ್ಕು ವರ್ಷ ಮೂವರು ಮುಚ್ಚಿಟ್ಟಿದ್ದು ನಾಲ್ಕು ದಿನದಲ್ಲಿ ಎಲ್ಲರ ಬಾಯಲ್ಲಿ. ಇದ್ದಾಗ ಯಾರಿಗೂ ಗೊತ್ತಿರಲಿಲ್ಲ, ಹೋದ ಮೇಲೆ ಎಲ್ಲರಿಗೂ ಗೊತ್ತಾಯಿತು. ಕಣ್ಣಿಗೆ ಕಾಣದ ರೊಕ್ಕ ಕಳೆದುಕೊಂಡವನೆಂದು ಕೊಡ ಹಿಡಿದ ಹೆಂಗಸರು ನಕ್ಕರು. ನೆಂಟರು, ಇಷ್ಟು ದಿನ ನಮ್ಮಿಂದ ಮುಚ್ಚಿಟ್ಟಿರಲ್ಲ ಎಂದು ಮುನಿಸಿಕೊಂಡರು. ಧನಶ್ರೀಯ ಮೊಬೈಲಿಗೆ ಅಪರಿಚಿತರ ಸಂದೇಶಗಳು ಬರತೊಡಗಿದವು: ನಿಮ್ಮ ಹಣ ಹಿಂದಕ್ಕೆ ತಂದುಕೊಡುತ್ತೇವೆ, ಮೊದಲು ಸ್ವಲ್ಪ ಫೀಸು ಕಳಿಸಿ. ಅವರೂ ಕಳ್ಳರೇ ಎಂದು ಅವಳು ಒಂದೊಂದನ್ನೇ ಮುಚ್ಚುತ್ತ ಹೋದಳು. ಕಾಂತಾಬಾಯಿ ಒಂದು ಸಲ, ಒಬ್ಬನಿಗಾದರೂ ಕಳಿಸಿ ನೋಡೋಣ ಎಂದಳು. ಆಮೇಲೆ ಅವಳೇ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ದೀಪಾವಳಿ ಬಂತು, ಹೋಯಿತು. ದೇವಿಂದ್ರಪ್ಪ ಬಸವಕಲ್ಯಾಣಕ್ಕೆ ತಾನೇ ಹೋದ, ಕೋಣೆ ಬೇಡವೆಂದು ಹೇಳಲು. ಫೋನಿನಲ್ಲಿ ಹೇಳುವಂಥದ್ದಲ್ಲ ಅನ್ನಿಸಿತ್ತು. ಗಜಾಲಾ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು. ಇನ್ನೊಂದು ತಿಂಗಳು ಕಾಯುತ್ತೇನೆ ಚಾಚಾ ಎಂದಳು. ಕಾದು ಏನು ಬರುತ್ತದೆ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಹೊರಡುವ ಮುಂಚೆ ಅವನು ಆ ಕೋಣೆಯೊಳಗೆ ಒಂದು ಸಲ ಹೋಗಿಬರಲೇ ಎಂದು ಕೇಳಿದ. ಬಾಗಿಲಿಂದ ಕಿಟಕಿಯ ತನಕ ನಡೆದ. ಮಗಳ ಹೆಜ್ಜೆಗೆ ಎಷ್ಟು ಹೆಜ್ಜೆಯಾದೀತು ಎಂದು ಲೆಕ್ಕ ಹಾಕಲು ಹೋಗಿ, ಅರ್ಧಕ್ಕೆ ಬಿಟ್ಟು ಹೊರಗೆ ಬಂದ. ತಿಂಗಳ ನಂತರ ಅಲ್ಲಿ ಮೊಬೈಲ್ ಕವರು ಮಾರುವವನೊಬ್ಬ ಬಂದ ಎಂದು ತಿಳಿಯಿತು.

ಮನೆಯಲ್ಲಿ ಮಾತು ಕಡಿಮೆಯಾಯಿತು. ಧನಶ್ರೀ ತಂದೆಯನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಅವನು ಎದುರುತ್ತರ ಕೊಡಬಹುದಿತ್ತು, ಕೈಮುಗಿಯಬಹುದಿತ್ತು. ಅವಳು ಊಟ ಬಡಿಸಿದರೆ ಉಣ್ಣುತ್ತಿದ್ದಳು, ಕರೆದರೆ ಓ ಎನ್ನುತ್ತಿದ್ದಳು, ಚಿತ್ರ ಬರೆಯುತ್ತಿರಲಿಲ್ಲ. ಒಂದು ದಿನ ಅವನು ಅವಳ ಪಕ್ಕ ಕೂತು, ಅವತ್ತು ನಾನು ಅಡ್ಡ ಬರದಿದ್ದರೆ ಎಂದು ಶುರುಮಾಡಿದ. ಅವಳು ಅವನ ಮಂಡಿಯ ಮೇಲೆ ಕೈ ಇಟ್ಟು, "ಬಿಡಪ್ಪಾ, ಅದನ್ನ ಹೇಳಬ್ಯಾಡ," ಎಂದಳು. ಕ್ಷಮಿಸಿದ್ದಕ್ಕೋ, ಕೇಳಲು ಆಗದ್ದಕ್ಕೋ ಎನ್ನುವುದು ಅವನಿಗೆ ತಿಳಿಯಲಿಲ್ಲ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಹುಸೇನನ ಅಂಗಡಿಯೂ ಮೊದಲಿನಂತಾಗಲಿಲ್ಲ. ಜನ ಈಗ ಎದುರಿನ ಹೊಸ ಅಂಗಡಿಗೆ ಹೋಗುತ್ತಿದ್ದರು; ಅಲ್ಲಿಯೂ ಅದೇ ಯಂತ್ರ, ಅದೇ ಕಂಪ್ಯೂಟರು, ಅಲ್ಲಿಯೂ ಯಾರೂ ಏನೂ ಅಳಿಸುತ್ತಿರಲಿಲ್ಲ. ದೇವಿಂದ್ರಪ್ಪ ಆ ಗಲ್ಲಿಯನ್ನೇ ಬಿಟ್ಟಿದ್ದ. ಹುಮನಾಬಾದಿಗೆ ಹೋದರೆ ಸುತ್ತುಹಾಕಿ ಹೋಗುತ್ತಿದ್ದ. ಪಕ್ಕದ ಮಾಣಿಕನಗರದಲ್ಲಿ ಒಮ್ಮೆ ಆಟೊದಿಂದ ಇಳಿಯುತ್ತಿದ್ದ ಹುಸೇನನನ್ನು ದೂರದಿಂದ ಕಂಡು, ಬಾಳೆಹಣ್ಣಿನ ಗಾಡಿಯ ಹಿಂದೆ ನಿಂತಿದ್ದ. ಹುಸೇನ ಅವನನ್ನು ಕಂಡಿದ್ದ. ಕಂಡರೂ ಕರೆಯದೆ ಹೋದ.

ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ ಹುಸೇನ ತಾನಾಗಿಯೇ ಬೇಮಳಖೇಡಕ್ಕೆ ಬಂದ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದದ್ದಕ್ಕೆ ಏದುತ್ತಿದ್ದ. ಮೊದಲಿಗಿಂತ ಸೊರಗಿದ್ದ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಕಾಂತಾಬಾಯಿ ನೀರು ತಂದುಕೊಟ್ಟು ಒಳಗೆ ಹೋದಳು. ಅವಳು ಚೇಷ್ಟೆಯ ಮಾತು ಆಡಲಿಲ್ಲ, ಅವನೂ ಆಡಲಿಲ್ಲ. ಧನಶ್ರೀ ಒಳಗೆ ಬಾಗಿಲಿನ ಪಕ್ಕವೇ ಕೂತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಬಹಳ ಹೊತ್ತು ಜೋಳದ ಬೆಳೆ, ಮೊಣಕಾಲು ನೋವು ಎಂದು ಮಾತಾಡಿದ ಮೇಲೆ ಹುಸೇನ ಬಂದ ಕಾರಣ ಹೇಳಿದ. ತನಗೆ ಕಣ್ಣು ಮಂದವಾಗುತ್ತಿದೆ. ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಒಬ್ಬರು ಬೇಕು. ಧನಶ್ರೀ ಬಂದು ಕೂರಲಿ. ತಿಂಗಳಿಗೆ ಪಗಾರ ಕೊಡುತ್ತೇನೆ, ಬರಲು ಹೋಗಲು ಆಟೊ ಹಚ್ಚಿಸುತ್ತೇನೆ, ಚಿತ್ರದ ಕೆಲಸ ಬಂದರೆ ಅದರ ದುಡ್ಡು ಅವಳದೇ. 'ನನ್ನ ಮಗಳಿದ್ದಂತೆ' ಎನ್ನುವ ಮಾತನ್ನು ಅವನು ಆಡಲಿಲ್ಲ. ಲೆಕ್ಕದ ಹಾಗೆ, ಒಂದೊಂದೇ ಇಟ್ಟು ಹೇಳಿದ. ಮೊದಲೇ ಯೋಚನೆ ಮಾಡಿಕೊಂಡು ಬಂದಿದ್ದ.

ದೇವಿಂದ್ರಪ್ಪ ಒಳಗಿನ ಕಡೆ ಕಿವಿಗೊಟ್ಟ. ಇಡೀ ತಾಲ್ಲೂಕಿನಲ್ಲಿ ತನ್ನ ಮಗಳಿಗೆ ಇಂಥ ಕೆಲಸ ಇನ್ನೊಬ್ಬರು ಕೊಡುವುದಿಲ್ಲ ಎನ್ನುವುದು ಅವನಿಗೆ ತಿಳಿದಿತ್ತು. "ಧನೂ, ಏನಂತಿ ತಾಯಿ?" ಎಂದು ಕರೆದು ಕೇಳಿದ.

"ನೀ ಹ್ಯಾಂಗ ಹೇಳ್ತಿ ಹಂಗಪ್ಪಾ," ಎಂದು ಒಳಗಿನಿಂದ ಬಂತು. ಆ ದನಿಯಲ್ಲಿ ಬೇಕೆನ್ನುವುದೂ ಇರಲಿಲ್ಲ, ಬೇಡವೆನ್ನುವುದೂ ಇರಲಿಲ್ಲ.

ಅವನು ಹುಸೇನನ ಕೈಗಳನ್ನು ನೋಡಿದ. ಮೂಲೆಗಳನ್ನು ದುಂಡಗೆ ಕತ್ತರಿಸಿಕೊಟ್ಟ ಕೈ. ಮಗಳನ್ನು ಕಳಿಸಿದರೆ ತಾನು ದಿನಾ ಅವಳ ಸಂಜೆಯ ಮುಖ ನೋಡಬೇಕು, ಈ ಕೈಗಳನ್ನೂ ನೆನೆಯಬೇಕು. ಊರು ಏನು ಹೇಳುತ್ತದೆ ಎನ್ನುವುದೂ ಅವನಿಗೆ ಗೊತ್ತಿತ್ತು: ಕದ್ದದ್ದನ್ನು ಕಂತಿನಲ್ಲಿ ತೀರಿಸುತ್ತಿದ್ದಾನೆ ಎನ್ನುತ್ತದೆ. ಹುಸೇನ ಕದ್ದಿಲ್ಲದಿದ್ದರೆ ಆ ಮಾತು ಅವನನ್ನು ಕೊಲ್ಲುತ್ತದೆ. ಕದ್ದಿದ್ದರೆ, ತನ್ನ ಮಗಳು ಅವನ ಬಳಿ ಕೈಚಾಚಿ ಪಗಾರ ತೆಗೆದುಕೊಳ್ಳುತ್ತಾಳೆ.

"ನೀ ನನ್ನ ಮ್ಯಾಲ ಸಂಶಯ ಮಾಡ್ತಿ ಏನು, ದೇವಿಂದ್ರಪ್ಪಾ?" ಎಂದು ಹುಸೇನ ಕೇಳಿದ. "ಒಂದ ಮಾತ ಹೇಳಿಬಿಡು. ನಾ ಏನೂ ಅನ್ನಂಗಿಲ್ಲ."

ದೇವಿಂದ್ರಪ್ಪ ತನ್ನೊಳಗೆ 'ಇಲ್ಲ' ಎನ್ನುವುದನ್ನು ಹುಡುಕಿದ. ಸಿಗಲಿಲ್ಲ. 'ಹೌದು' ಎನ್ನುವುದನ್ನು ಹುಡುಕಿದ, ಅದೂ ಸಿಗಲಿಲ್ಲ.

"ಇಲ್ಲ ಅನ್ನಾಕ ಬರವಲ್ದು ಹುಸೇನಭಾಯಿ," ಎಂದ. "ಹೌದು ಅನ್ನಾಕೂ ಬರವಲ್ದು. ಹಿಂಗಿದ್ದಾಗ ಹುಡುಗಿನ ಹ್ಯಾಂಗ ಕಳಸಲಿ?"

ಹುಸೇನ ತಲೆಯಾಡಿಸಿದ. ಲೋಟದಲ್ಲಿ ಉಳಿದಿದ್ದ ನೀರು ಕುಡಿದು, ಲೋಟವನ್ನು ಕಟ್ಟೆಯ ಮೇಲೆ ಸದ್ದಾಗದಂತೆ ಇಟ್ಟ. ಎದ್ದು ನಿಂತು ಚಪ್ಪಲಿ ಹುಡುಕುತ್ತ, ಹಾಗಾದರೆ ಇನ್ನೊಂದು ಮಾತು ಎಂದ. ಪೊಲೀಸರು ವಾಪಸು ಕೊಟ್ಟ ಕಂಪ್ಯೂಟರು ಹಾಗೇ ಬಟ್ಟೆ ಮುಚ್ಚಿಕೊಂಡು ಕೂತಿದೆ, ಅದರೊಳಗಿನದೆಲ್ಲ ಅಳಿಸಿಯಾಗಿದೆ, ನಾಳೆ ಆಟೊದಲ್ಲಿ ಹಾಕಿ ಇಲ್ಲಿಗೇ ಕಳಿಸುತ್ತೇನೆ. ಅಂಗಡಿಗೆ ಬರುವುದು ಬೇಡ. ಮನೆಯಲ್ಲಿ ಕೂತೇ ಹುಡುಗಿ ಏನಾದರೂ ಮಾಡಿಕೊಳ್ಳಲಿ.

ಊರು ಅದನ್ನೂ ಕಂತೆಂದೇ ಎಣಿಸುತ್ತದೆ. "ಅದೂ ಬ್ಯಾಡ," ಎಂದ ದೇವಿಂದ್ರಪ್ಪ.